ಕ್ಯಾಮರಾದ ದೃಷ್ಟಿದೋಷ

ನಿಂತುಹೋದ ಗಡಿಯಾರ ಯಾರನ್ನೂ ಬಹುಕಾಲ ಮೋಸಗೊಳಿಸಲಾರದು. ಅದು ಕೆಟ್ಟಿದೆಯೆಂಬುದು ನೋಡಿದೊಡನೆಯೇ ತಿಳಿಯುತ್ತದೆ, ರಿಪೇರಿಗೆ ಕಳುಹಿಸುತ್ತೇವೆ. ಸದಾ ಐದು ನಿಮಿಷ ಹಿಂದೆಯೇ ಇರುವ ಗಡಿಯಾರದ ರೀತಿ ಬೇರೆ. ಅದು ಓಡುತ್ತಿರುತ್ತದೆ, ಗಂಟೆ ಹೊಡೆಯುತ್ತಿರುತ್ತದೆ. ರೈಲು ತಪ್ಪಿದಾಗ ನಾವು ನಮ್ಮ ನಡಿಗೆಯನ್ನೇ ನಿಂದಿಸಿಕೊಳ್ಳುತ್ತೇವೆ. ಅಳತೆಯ ಉಪಕರಣಗಳಲ್ಲಿ ಈ ಎರಡನೆಯ ಬಗೆಯ ದೋಷವೇ ಹೆಚ್ಚು ಅಪಾಯಕರವಾದುದು. ಡಿಜಿಟಲ್ ಕ್ಯಾಮರಾದಲ್ಲಿ ಇದೇ ಜಾತಿಯ ದೋಷವೊಂದು ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ಪತ್ತೆಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಒಂದು ದೂರು

ನಮಗೆ ಪರಿಚಿತರಾದ ಛಾಯಾಗ್ರಾಹಕರೊಬ್ಬರಿದ್ದಾರೆ. ಮದುವೆ, ಉಪನಯನ, ಗೃಹಪ್ರವೇಶಗಳ ಚಿತ್ರಗಳನ್ನು ತೆಗೆಯುವುದೇ ಇಪ್ಪತ್ತೈದು ವರ್ಷಗಳಿಂದ ಅವರ ಜೀವನೋಪಾಯ. ಫಿಲ್ಮಿನ ಕಾಲದಿಂದಲೂ ಅವರು ಒಂದೇ ಸಂಸ್ಥೆಯ ಕ್ಯಾಮರಾಗಳನ್ನು ನೆಚ್ಚಿದವರು. ಬೇರೆಯವರ ಮಾಲನ್ನು ಅಂಗಡಿಯವರು ಎಷ್ಟು ಹೊಗಳಿದರೂ ಕಿವಿಗೆ ಹಾಕಿಕೊಂಡವರಲ್ಲ. ಆ ಸಂಸ್ಥೆಯದೇ ಆದ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮರಾ ಒಂದನ್ನು ಕೊಂಡ ಮೇಲೆ ಅವರಿಗೆ ವಿಚಿತ್ರವಾದ ತೊಂದರೆ ಮೊದಲಾಯಿತು. ಹಗಲು ಬೆಳಕಿನಲ್ಲಿ ತೆಗೆದ ಗುಂಪುಚಿತ್ರಗಳು ನಿರ್ಮಲವಾಗಿ ಬರುತ್ತಿದ್ದುವು. ಸಂಜೆಯ ಆರತಕ್ಷತೆಯಲ್ಲಿ ಹತ್ತಿರದಿಂದ ತೆಗೆದ ಮುಖಚಿತ್ರಗಳಲ್ಲಿ ಮಾತ್ರ ವಧುವಿನ ಮೂಗುತಿಯ ಹರಳು ಸ್ಫುಟವಾಗಿ ಹೊಳೆಯುತ್ತಿತ್ತು, ಕಣ್ಣುಗಳು ಮಸುಕಾಗಿರುತ್ತಿದ್ದುವು. ಅವರು ಫೋಕಸ್ ಮಾಡಿದ್ದಾದರೋ ಕಣ್ಣಿಗೇ.

ಕ್ಯಾಮರಾವನ್ನು ಸಂಸ್ಥೆಯ ರಿಪೇರಿ ಕೇಂದ್ರಕ್ಕೆ ಕೊಟ್ಟರು. ಎರಡು ವಾರದ ಅನಂತರ "ದೋಷವೇನೂ ಕಂಡುಬರಲಿಲ್ಲ" ಎಂಬ ಚೀಟಿಯೊಡನೆ ಅದು ಹಿಂದಿರುಗಿತು. ಯಂತ್ರ ಸರಿಯಾಗಿದ್ದರೆ ತಪ್ಪು ಮನುಷ್ಯನದೇ ಆಗಿರಬೇಕಲ್ಲವೆ? ವಯಸ್ಸಾಯಿತು, ಕೈ ನಡುಗುತ್ತಿರಬೇಕು, ಕನ್ನಡಕ ಬದಲಾಯಿಸಬೇಕು ಎಂದು ಅವರು ತಮ್ಮನ್ನೇ ಹಳಿದುಕೊಳ್ಳತೊಡಗಿದರು. ಇದು ಬರಿಯ ಬೇಸರದ ಮಾತಲ್ಲ. ಮಾಂಗಲ್ಯಧಾರಣೆಯನ್ನು ಇನ್ನೊಮ್ಮೆ ನಡೆಸಿಕೊಡಿರೆಂದು ಪುರೋಹಿತರನ್ನು ಕೇಳುವಂತಿಲ್ಲ. ಹುಡುಗಿಯ ಮನೆಯವರೊಬ್ಬರು ಆಲ್ಬಮ್ ನೋಡಿ ಬಾಕಿ ಹಣವನ್ನು ತಡೆಹಿಡಿದರು. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತೈದು ವರ್ಷ ಕೂಡಿಟ್ಟ ಹೆಸರಿಗೆ ಕುಂದು ಬಂದಿತು.

ನಿಷ್ಠೆಗೂ ಒಂದು ಕಾರಣ

ಇಷ್ಟೆಲ್ಲ ಆದಮೇಲೂ ಅವರು ಆ ಸಂಸ್ಥೆಯನ್ನು ಏಕೆ ಬಿಡಲಿಲ್ಲ ಎಂದು ವಾಚಕರು ಕೇಳಬಹುದು. ಅಭಿಮಾನವೂ ಒಂದು ಕಾರಣವೇ ಸರಿ. ಆದರೆ ಅದರ ಹಿಂದೆ ಭೌತಶಾಸ್ತ್ರದ ಒಂದು ಕಟ್ಟೂ ಇದೆ. ಲೆನ್ಸನ್ನು ಬಿಗಿಯುವ ಲೋಹದ ಉಂಗುರದಿಂದ ಒಳಗಿನ ಸೆನ್ಸರಿನವರೆಗೆ ಇರುವ ದೂರವನ್ನು ಪ್ರತಿಯೊಂದು ಸಂಸ್ಥೆಯೂ ಖಚಿತವಾಗಿ ಗೊತ್ತುಮಾಡಿರುತ್ತದೆ. ೧೯೫೯ರಲ್ಲಿ ಬಂದ ನಿಕಾನ್ ಎಫ್ ಜೋಡಣೆಯಲ್ಲಿ ಇದು ೪೬.೫ ಮಿಲಿಮೀಟರ್, ೧೯೮೭ರಲ್ಲಿ ಬಂದ ಕ್ಯಾನನ್ ಇಎಫ್ ಜೋಡಣೆಯಲ್ಲಿ ೪೪ ಮಿಲಿಮೀಟರ್. ಲೆನ್ಸು ತನಗೆ ಗೊತ್ತಾದ ದೂರದಲ್ಲಿಯೇ ಪ್ರತಿಬಿಂಬವನ್ನು ಮೂಡಿಸುವಂತೆ ರಚಿತವಾಗಿರುತ್ತದೆ. ಆದುದರಿಂದ ಒಂದು ಸಂಸ್ಥೆಯ ಲೆನ್ಸುಗಳನ್ನು ವರ್ಷಗಟ್ಟಲೆ ಕೂಡಿಟ್ಟವರು ಕ್ಯಾಮರಾವನ್ನು ಬದಲಾಯಿಸಬೇಕಾದರೆ ಲೆನ್ಸುಗಳನ್ನೆಲ್ಲ ಮಾರಬೇಕಾದೀತು. ಎರಡೂವರೆ ಮಿಲಿಮೀಟರುಗಳ ವ್ಯತ್ಯಾಸ ಒಬ್ಬನ ನಿಷ್ಠೆಯನ್ನು ಕಾಯುತ್ತದೆ!

ಬೆಳಕಿನ ಮೂರು ಹಾದಿಗಳು

ಈಗ ಕ್ಯಾಮರಾದ ಒಳಗನ್ನು ನೋಡೋಣ. ಲೆನ್ಸಿನ ಮೂಲಕ ಒಳಬಂದ ಬೆಳಕು ನೇರವಾಗಿ ಸೆನ್ಸರನ್ನು ಸೇರುವುದಿಲ್ಲ. ಸೆನ್ಸರಿನ ಮುಂದೆ ಒಂದು ಕನ್ನಡಿ ೪೫ ಡಿಗ್ರಿ ಓರೆಯಾಗಿ ನಿಂತಿದೆ. ಬೆಳಕಿನ ಬಹುಪಾಲನ್ನು ಅದು ಮೇಲಕ್ಕೆ ತಿರುಗಿಸುತ್ತದೆ. ಅಲ್ಲಿ ಉಜ್ಜಿದ ಗಾಜಿನಂತಹ ಒಂದು ತೆರೆಯ ಮೇಲೆ ಪ್ರತಿಬಿಂಬ ಮೂಡಿ, ಪಂಚಕೋನದ ಪ್ರಿಸಮಿನ ಮೂಲಕ ಛಾಯಾಗ್ರಾಹಕನ ಕಣ್ಣಿಗೆ ಕಾಣುತ್ತದೆ. ಇದು ಮೊದಲನೆಯ ಹಾದಿ.

ಕನ್ನಡಿಯ ನಡುಭಾಗ ಸ್ವಲ್ಪಮಟ್ಟಿಗೆ ಪಾರದರ್ಶಕವಾಗಿದೆ. ಅಲ್ಲಿ ತೂರಿಹೋದ ಬೆಳಕನ್ನು ಹಿಂದೆ ಅಡಗಿರುವ ಇನ್ನೊಂದು ಪುಟ್ಟ ಕನ್ನಡಿ ಕೆಳಕ್ಕೆ ತಿರುಗಿಸುತ್ತದೆ. ಕ್ಯಾಮರಾದ ತಳದಲ್ಲಿ ಫೋಕಸನ್ನು ಅಳೆಯುವ ಯಂತ್ರಭಾಗವಿದೆ. ಇದು ಎರಡನೆಯ ಹಾದಿ. ಗುಂಡಿ ಒತ್ತಿದಾಗ ಎರಡು ಕನ್ನಡಿಗಳೂ ಮೇಲಕ್ಕೆ ಮಡಿಸಿಕೊಳ್ಳುತ್ತವೆ, ಶಟರ್ ತೆರೆಯುತ್ತದೆ, ಬೆಳಕು ಸೆನ್ಸರಿನ ಮೇಲೆ ಬೀಳುತ್ತದೆ. ಇದು ಮೂರನೆಯ ಹಾದಿ.

ತಳದ ಯಂತ್ರಭಾಗ ಫೋಕಸನ್ನು ಅಳೆಯುವ ಕ್ರಮ ಸ್ವಾರಸ್ಯವಾದುದು. ಅದು ಲೆನ್ಸಿನ ಎರಡು ಎದುರುಬದುರು ಅಂಚುಗಳಿಂದ ಬಂದ ಬೆಳಕನ್ನು ಬೇರೆ ಬೇರೆಯಾಗಿ ತೆಗೆದುಕೊಂಡು ಎರಡು ಪ್ರತಿಬಿಂಬಗಳನ್ನು ಮೂಡಿಸುತ್ತದೆ. ಕಣ್ಣೆದುರಿಗೆ ಬೆರಳನ್ನು ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿದರೆ ಬೆರಳು ಅತ್ತಿತ್ತ ಜರುಗಿದಂತೆ ಕಾಣುತ್ತದೆಯಷ್ಟೆ. ಇಲ್ಲಿಯೂ ಹಾಗೆಯೇ. ಎರಡು ಪ್ರತಿಬಿಂಬಗಳ ನಡುವಣ ಅಂತರ ಗೊತ್ತಾದ ಅಳತೆಗಿಂತ ಹೆಚ್ಚಾಗಿದ್ದರೆ ಫೋಕಸ್ ಒಂದು ಕಡೆಗೆ ತಪ್ಪಿದೆ. ಕಡಮೆಯಾಗಿದ್ದರೆ ಇನ್ನೊಂದು ಕಡೆಗೆ ತಪ್ಪಿದೆ. ಎತ್ತ ಕಡೆಗೆ, ಎಷ್ಟು ಸರಿಸಬೇಕೆಂಬುದು ಒಂದೇ ನೋಟದಲ್ಲಿ ತಿಳಿಯುವುದರಿಂದ ಮೋಟರು ಲೆನ್ಸನ್ನು ಕ್ಷಣಾರ್ಧದಲ್ಲಿ ಆ ಸ್ಥಾನಕ್ಕೆ ಒಯ್ಯುತ್ತದೆ. ೧೯೮೫ರಲ್ಲಿ ಮಿನೋಲ್ಟಾ ೭೦೦೦ ಎಂಬ ಕ್ಯಾಮರಾ ಈ ಏರ್ಪಾಡನ್ನು ಎಸ್‌ಎಲ್‌ಆರ್ ಒಳಗೆ ಯಶಸ್ವಿಯಾಗಿ ಅಳವಡಿಸಿ ತೋರಿಸಿತು.

ಆದರೆ ಇಲ್ಲಿ ಒಂದು ಒಪ್ಪಂದವಿದೆ. ಕಣ್ಣು ನೋಡುವುದು ಮೊದಲನೆಯ ಹಾದಿಯಲ್ಲಿ, ಯಂತ್ರ ಅಳೆಯುವುದು ಎರಡನೆಯದರಲ್ಲಿ, ಚಿತ್ರ ದಾಖಲಾಗುವುದು ಮೂರನೆಯದರಲ್ಲಿ. ಈ ಮೂರೂ ಸಮಾನವಾದ ಉದ್ದವುಳ್ಳವಾಗಿದ್ದರೆ ಮಾತ್ರ ಅಳೆದದ್ದೂ ದಾಖಲಾದದ್ದೂ ಒಂದೇ ಆದೀತು. ಪುಟ್ಟ ಕನ್ನಡಿ ಒರಗುವ ಮೊಳೆ ಕೂದಲೆಳೆಯಷ್ಟು ಸರಿದಿದ್ದರೂ ಎರಡನೆಯ ಹಾದಿಯ ಉದ್ದ ಬದಲಾಗುತ್ತದೆ. ಆಗ ಲೆನ್ಸು ನಿರ್ದೋಷ, ಸೆನ್ಸರು ನಿರ್ದೋಷ, ಅಳೆಯುವ ಯಂತ್ರವೂ ನಿರ್ದೋಷ. ಒಂದೊಂದನ್ನೇ ಬಿಡಿಯಾಗಿ ಪರೀಕ್ಷಿಸಿದವರು "ದೋಷವಿಲ್ಲ" ಎಂದೇ ಬರೆದಾರು. ತಪ್ಪಿರುವುದು ಅವುಗಳ ನಡುವಣ ಹೊಂದಾಣಿಕೆಯಲ್ಲಿ. ಇಂತಹುದು ಅಗ್ಗದ ಕ್ಯಾಮರಾಗಳಿಗೇ ಮೀಸಲಲ್ಲ. ೨೦೦೭ರಲ್ಲಿ ಕ್ಯಾನನ್ ಸಂಸ್ಥೆ ವೃತ್ತಿನಿರತರಿಗಾಗಿ ಹೊರತಂದ ಇಒಎಸ್-೧ಡಿ ಮಾರ್ಕ್ ೩ ಕ್ಯಾಮರಾಗಳಲ್ಲಿ ಫೋಕಸಿನ ದೂರುಗಳು ಬಂದಾಗ, ಈ ಪುಟ್ಟ ಕನ್ನಡಿಯ ಏರ್ಪಾಡನ್ನು ಸಂಸ್ಥೆಯೇ ತಿದ್ದಿಕೊಡಬೇಕಾಯಿತು.

ಒಂದು ಕಾಗದದಷ್ಟು ತಪ್ಪು

ಹಾದಿಯ ಉದ್ದದಲ್ಲಿ ೦.೧ ಮಿಲಿಮೀಟರ್ ವ್ಯತ್ಯಾಸವಿದೆಯೆಂದು ಇಟ್ಟುಕೊಳ್ಳೋಣ. ಇದು ಬರೆಯುವ ಕಾಗದದ ಒಂದು ಹಾಳೆಯ ದಪ್ಪ. ಇಷ್ಟರಿಂದ ಏನಾದೀತು? ನ್ಯೂಟನ್ನನ ಸರಳ ಸೂತ್ರವೊಂದರಿಂದ ಲೆಕ್ಕಹಾಕಬಹುದು. ಮಸೂರದ ಮುಂದಿನ ನಾಭಿಯಿಂದ ವಸ್ತುವಿಗಿರುವ ದೂರವನ್ನೂ ಹಿಂದಿನ ನಾಭಿಯಿಂದ ಪ್ರತಿಬಿಂಬಕ್ಕಿರುವ ದೂರವನ್ನೂ ಗುಣಿಸಿದರೆ ನಾಭಿದೂರದ ವರ್ಗ ಬರುತ್ತದೆ.

ಮುಖಚಿತ್ರಗಳಿಗೆ ಬಳಸುವ ೮೫ ಮಿಲಿಮೀಟರ್ ಲೆನ್ಸನ್ನು ತೆಗೆದುಕೊಳ್ಳೋಣ. ಲೆಕ್ಕದ ಸೌಕರ್ಯಕ್ಕಾಗಿ ಅದನ್ನು ಒಂದೇ ತೆಳು ಮಸೂರವೆಂದು ಭಾವಿಸೋಣ. ೮೫ರ ವರ್ಗ ೭೨೨೫. ವಧು ೨ ಮೀಟರ್, ಎಂದರೆ ೨೦೦೦ ಮಿಲಿಮೀಟರ್ ದೂರದಲ್ಲಿದ್ದಾಳೆ. ಮುಂದಿನ ನಾಭಿಯಿಂದ ಅವಳ ಕಣ್ಣಿಗೆ ೧೯೧೫ ಮಿಲಿಮೀಟರ್ ದೂರ. ೭೨೨೫ನ್ನು ೧೯೧೫ರಿಂದ ಭಾಗಿಸಿದರೆ ೩.೭೭. ಎಂದರೆ ಕಣ್ಣಿನ ಪ್ರತಿಬಿಂಬ ಹಿಂದಿನ ನಾಭಿಯಿಂದ ೩.೭೭ ಮಿಲಿಮೀಟರ್ ಆಚೆ ಮೂಡುತ್ತದೆ. ಅಳೆಯುವ ಹಾದಿ ೦.೧ ಮಿಲಿಮೀಟರ್ ಗಿಡ್ಡವಾಗಿದ್ದರೆ ಸೆನ್ಸರು ಇರುವುದು ೩.೮೭ ಮಿಲಿಮೀಟರಿನಲ್ಲಿ. ಈಗ ೭೨೨೫ನ್ನು ೩.೮೭ರಿಂದ ಭಾಗಿಸೋಣ: ಸುಮಾರು ೧೮೬೫. ಸೆನ್ಸರಿಗೆ ಸ್ಫುಟವಾಗಿ ಕಾಣುವುದು ೧೯೧೫ರಲ್ಲಿರುವ ಕಣ್ಣಲ್ಲ, ಅದಕ್ಕಿಂತ ೫೦ ಮಿಲಿಮೀಟರ್ ಮುಂದಿರುವ ತಾಣ. ಕಾಗದದ ದಪ್ಪದ ತಪ್ಪು ಹೊರಗೆ ಐದು ಸೆಂಟಿಮೀಟರಾಗಿ ಬೆಳೆದಿದೆ! ಫೋಕಸ್ ಮೂಗಿನ ಕಡೆಗೆ ಜರುಗಿತು. ಹಾದಿ ಅಷ್ಟೇ ಉದ್ದವಾಗಿದ್ದರೆ ಅದು ಹಿಂದಕ್ಕೆ, ಕಿವಿಯ ಕಡೆಗೆ ಜರುಗುತ್ತಿತ್ತು.

ಹಗಲಿನ ಚಿತ್ರಗಳು ಏಕೆ ಕೆಡಲಿಲ್ಲ?

ಲೆನ್ಸಿನಿಂದ ಬರುವ ಬೆಳಕು ಒಂದು ಶಂಕುವಿನ ಆಕಾರದಲ್ಲಿ ಕೂಡಿ ಒಂದು ಬಿಂದುವಾಗುತ್ತದೆ. ಬಿಂದು ಸೆನ್ಸರಿಗಿಂತ ೦.೧ ಮಿಲಿಮೀಟರ್ ಮುಂದೆಯೇ ಕೂಡಿದರೆ ಸೆನ್ಸರಿನ ಮೇಲೆ ಒಂದು ಸಣ್ಣ ವೃತ್ತ ಬೀಳುತ್ತದೆ. ಈ ವೃತ್ತದ ವ್ಯಾಸ ಸ್ಥೂಲವಾಗಿ ಆ ೦.೧ನ್ನು ಲೆನ್ಸಿನ ಎಫ್ ಸಂಖ್ಯೆಯಿಂದ ಭಾಗಿಸಿದಷ್ಟು. ಸಂಜೆಯ ಮಂದ ಬೆಳಕಿನಲ್ಲಿ ಛಾಯಾಗ್ರಾಹಕರು ಅಪರ್ಚರನ್ನು ಪೂರ್ತಿ ತೆರೆದು ಎಫ್ ೧.೮ರಲ್ಲಿ ಚಿತ್ರ ತೆಗೆಯುತ್ತಾರೆ. ಆಗ ವೃತ್ತದ ವ್ಯಾಸ ಸುಮಾರು ೦.೦೫ ಮಿಲಿಮೀಟರ್. ೩೬ ಮಿಲಿಮೀಟರ್ ಅಗಲದ ಸೆನ್ಸರಿನಲ್ಲಿ ಒಂದು ಸಾಲಿಗೆ ೬೦೦೦ ಪಿಕ್ಸೆಲುಗಳಿದ್ದರೆ ಪ್ರತಿ ಪಿಕ್ಸೆಲಿನ ಅಗಲ ೦.೦೦೬ ಮಿಲಿಮೀಟರ್. ಒಂದು ಬಿಂದುವಾಗಬೇಕಾದದ್ದು ಎಂಟೊಂಬತ್ತು ಪಿಕ್ಸೆಲುಗಳಷ್ಟು ಹರಡಿಕೊಂಡಿತು. ರೆಪ್ಪೆಯ ಕೂದಲುಗಳು ಒಂದರೊಳಗೊಂದು ಕರಗಿದುವು.

ಹಗಲಿನಲ್ಲಿ ಎಫ್ ೮ ಸಾಕು. ವೃತ್ತ ೦.೦೧೨ ಮಿಲಿಮೀಟರಿಗೆ, ಎಂದರೆ ಎರಡು ಪಿಕ್ಸೆಲುಗಳಿಗೆ ಕುಗ್ಗುತ್ತದೆ. ದೋಷ ಇದ್ದೇ ಇದೆ, ಆದರೆ ಅಡಗಿಕೊಂಡಿದೆ. ಕಿರಿದಾದ ಅಪರ್ಚರಿನಲ್ಲಿ ಪರೀಕ್ಷಿಸಿದವರಿಗೆ ಅದು ಕಾಣದೇ ಹೋದರೆ ಆಶ್ಚರ್ಯವೇನೂ ಇಲ್ಲ.

ಫಿಲ್ಮಿನ ಕಾಲದಲ್ಲಿ ಇಂತಹ ದೂರುಗಳು ಇಷ್ಟು ಕೇಳಿಬರದಿದ್ದುದಕ್ಕೂ ಇದೇ ಬಗೆಯ ಕಾರಣವಿದೆ. ೦.೦೫ ಮಿಲಿಮೀಟರಿನ ಮಸುಕು ೧೫ ಸೆಂಟಿಮೀಟರ್ ಅಗಲದ ಪ್ರಿಂಟಿನಲ್ಲಿ ೦.೨ ಮಿಲಿಮೀಟರಾಗುತ್ತದೆ, ಕೈಯಲ್ಲಿ ಹಿಡಿದು ನೋಡುವಾಗ ಅದನ್ನು ಗುರುತಿಸುವವರು ವಿರಳ. ಅದೇ ಚಿತ್ರವನ್ನು ೪೫ ಸೆಂಟಿಮೀಟರಿನ ಆಲ್ಬಮ್ ಹಾಳೆಗೆ ಹಿಗ್ಗಿಸಿದರೆ ಮಸುಕು ೦.೬ ಮಿಲಿಮೀಟರನ್ನು ದಾಟಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಪಿಕ್ಸೆಲ್ ಪಿಕ್ಸೆಲನ್ನೂ ನೋಡುವವರಿಂದ ಯಾವ ದೋಷ ತಾನೆ ಅಡಗೀತು?

ಪರೀಕ್ಷೆ

ಸಂದೇಹವನ್ನು ಪರಿಹರಿಸಲು ದುಬಾರಿ ಉಪಕರಣ ಬೇಕಿಲ್ಲ. ಕ್ಯಾಮರಾವನ್ನು ಟ್ರೈಪಾಡಿನ ಮೇಲೆ ಭದ್ರವಾಗಿ ನಿಲ್ಲಿಸಬೇಕು. ತಾವು ಸಾಮಾನ್ಯವಾಗಿ ಚಿತ್ರ ತೆಗೆಯುವ ದೂರದಲ್ಲಿ, ಲೆನ್ಸಿಗೆ ನೇರ ಎದುರಾಗಿ, ದೊಡ್ಡ ಅಕ್ಷರಗಳನ್ನು ಅಚ್ಚುಮಾಡಿದ ಒಂದು ರಟ್ಟನ್ನು ಇಡಬೇಕು. ಅದರ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು ೪೫ ಡಿಗ್ರಿ ಓರೆಯಾಗಿ ನಿಲ್ಲಿಸಿ, ಪಟ್ಟಿಯ ನಡುಗೆರೆ ರಟ್ಟಿನ ಮಟ್ಟಕ್ಕೇ ಬರುವಂತೆ ಹೊಂದಿಸಬೇಕು. ಈ ಓರೆಯಲ್ಲಿ ಪಟ್ಟಿಯ ಮೇಲಿನ ೧.೪ ಸೆಂಟಿಮೀಟರು ನೋಟದ ದಿಕ್ಕಿನ ೧ ಸೆಂಟಿಮೀಟರಿಗೆ ಸಮ. ಅಪರ್ಚರನ್ನು ಪೂರ್ತಿ ತೆರೆದಿರಬೇಕು. ಕೈಯ ಅಲುಗಾಟ ತಟ್ಟದಂತೆ ಟೈಮರಿನಿಂದಲೇ ಶಟರನ್ನು ನಡೆಸಬೇಕು.

ಮೊದಲು ಕಣ್ಣಿನ ಕಿಂಡಿಯಲ್ಲಿ ನೋಡಿ, ಕ್ಯಾಮರಾ ತಾನಾಗಿಯೇ ರಟ್ಟಿಗೆ ಫೋಕಸ್ ಮಾಡುವಂತೆ ಹತ್ತು ಚಿತ್ರಗಳನ್ನು ತೆಗೆಯೋಣ. ಪ್ರತಿ ಸಲವೂ ಲೆನ್ಸಿನ ಉಂಗುರವನ್ನು ಕೈಯಿಂದ ತಿರುಗಿಸಿ ಫೋಕಸನ್ನು ಕೆಡಿಸಿ ಮತ್ತೆ ಆರಂಭಿಸಬೇಕು. ಅನಂತರ ಹಿಂಬದಿಯ ಪರದೆಯಲ್ಲಿ ನೋಡುವ ಲೈವ್ ವ್ಯೂ ಕ್ರಮದಲ್ಲಿ ಮತ್ತೆ ಹತ್ತು. ಲೈವ್ ವ್ಯೂನಲ್ಲಿ ಕನ್ನಡಿಗಳು ಮಡಿಸಿಕೊಂಡಿರುತ್ತವೆ. ಸೆನ್ಸರಿನ ಮೇಲೆಯೇ ಬಿದ್ದ ಪ್ರತಿಬಿಂಬವನ್ನು ನೋಡಿ ಕ್ಯಾಮರಾ ಫೋಕಸನ್ನು ನಿರ್ಣಯಿಸುತ್ತದೆ. ಅಳೆಯುವ ಹಾದಿಯೂ ದಾಖಲಿಸುವ ಹಾದಿಯೂ ಒಂದೇ. ಆದುದರಿಂದ ಎರಡನೆಯ ಹತ್ತು ಚಿತ್ರಗಳಲ್ಲಿ ರಟ್ಟು ಸ್ಫುಟವಾಗಿದ್ದು ಮೊದಲನೆಯ ಹತ್ತರಲ್ಲಿ ಮಸುಕಾಗಿದ್ದರೆ, ಲೆನ್ಸಿನ ಗಾಜೂ ಸೆನ್ಸರೂ ಛಾಯಾಗ್ರಾಹಕನ ಕೈಯೂ ಆರೋಪದಿಂದ ಮುಕ್ತವಾದಂತಾಯಿತು. ಉಳಿಯುವುದು ಕನ್ನಡಿಯಿಂದ ತಳಕ್ಕೆ ಹೋಗುವ ಹಾದಿ ಮತ್ತು ಅದರ ಮಾತಿನಂತೆ ನಡೆಯುವ ಮೋಟರು.

ಎರಡು ಬಗೆಯ ತಪ್ಪು

ಇನ್ನು ಮೊದಲ ಹತ್ತು ಚಿತ್ರಗಳನ್ನು ಒಂದೊಂದಾಗಿ ಅಳೆಯಬೇಕು. ಹತ್ತರಲ್ಲಿಯೂ ಸ್ಫುಟವಾದ ತಾಣ ರಟ್ಟಿಗಿಂತ ನಾಲ್ಕೂವರೆಯಿಂದ ಐದೂವರೆ ಸೆಂಟಿಮೀಟರ್ ಮುಂದೆಯೇ ಬಂದಿತೆನ್ನೋಣ. ಇದು ವ್ಯವಸ್ಥಿತ ದೋಷ. ಗಡಿಯಾರದ ಐದು ನಿಮಿಷದಂತೆ ಇದಕ್ಕೆ ಒಂದು ದಿಕ್ಕಿದೆ, ಒಂದು ಪ್ರಮಾಣವಿದೆ. ಇದನ್ನು ಕಳೆದುಬಿಡಬಹುದು. ಅನೇಕ ಕ್ಯಾಮರಾಗಳ ಸೂಚೀಪಟ್ಟಿಯಲ್ಲಿ ಎಎಫ್ ಫೈನ್ ಟ್ಯೂನ್ ಅಥವಾ ಮೈಕ್ರೋ ಅಡ್ಜಸ್ಟ್‌ಮೆಂಟ್ ಎಂಬ ಹೆಸರಿನಲ್ಲಿ ಕೂಡಿಸುವ ಕಡೆಗೆ ೨೦, ಕಳೆಯುವ ಕಡೆಗೆ ೨೦ ಮೆಟ್ಟಿಲುಗಳ ತಿದ್ದುಪಡಿಗೆ ಅವಕಾಶವಿರುತ್ತದೆ. ಫೋಕಸ್ ಮುಂದಕ್ಕೆ ಬೀಳುತ್ತಿದ್ದರೆ ಹಿಂದಕ್ಕೆ ತಳ್ಳುವ ಸಂಖ್ಯೆಯನ್ನು ಕೊಟ್ಟು ಪರೀಕ್ಷೆಯನ್ನು ಮತ್ತೆ ನಡೆಸಿದರೆ ಸರಿಯಾದ ಮೆಟ್ಟಿಲು ಸಿಕ್ಕುತ್ತದೆ. ಅಗ್ಗದ ಕ್ಯಾಮರಾಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಅಂಥವನ್ನು ರಿಪೇರಿಯವರೇ ಹೊಂದಿಸಬೇಕು.

ಇದಕ್ಕೆ ಪ್ರತಿಯಾಗಿ ಒಂದು ಚಿತ್ರದಲ್ಲಿ ಆರು ಸೆಂಟಿಮೀಟರ್ ಮುಂದೆ, ಇನ್ನೊಂದರಲ್ಲಿ ನಾಲ್ಕು ಹಿಂದೆ, ಮತ್ತೊಂದರಲ್ಲಿ ಮೂರು ಮುಂದೆ, ಬೇರೊಂದರಲ್ಲಿ ಐದು ಹಿಂದೆ ಎಂದು ಬಂದಿತೆನ್ನೋಣ. ಇವುಗಳ ಸರಾಸರಿ ಸೊನ್ನೆ. ಆದರೆ ಚಿತ್ರ ಒಂದೂ ಕೆಲಸಕ್ಕೆ ಬಾರದು! ಇದು ಯಾದೃಚ್ಛಿಕ ದೋಷ. ಯಾವ ಸಂಖ್ಯೆಯನ್ನು ಕೂಡಿಸಿದರೂ ಕಳೆದರೂ ಇದು ಹೋಗದು. ಕನ್ನಡಿಯ ಕೀಲು ಸಡಿಲವಾಗಿರಬಹುದು, ಲೆನ್ಸಿನ ಮೋಟರು ಸವೆದಿರಬಹುದು. ಪ್ರತಿ ಚಿತ್ರಕ್ಕೂ ಕನ್ನಡಿ ಒಮ್ಮೆ ಮೇಲಕ್ಕೆ ಬಡಿದು ಒಮ್ಮೆ ಕೆಳಕ್ಕೆ ಬೀಳುತ್ತದೆ. ಮದುವೆಯೊಂದಕ್ಕೆ ಸಾವಿರಾರು ಚಿತ್ರ ತೆಗೆಯುವವರ ಕ್ಯಾಮರಾದಲ್ಲಿ ಕೆಲವೇ ವರ್ಷಗಳಲ್ಲಿ ಈ ಪೆಟ್ಟುಗಳು ಲಕ್ಷವನ್ನು ಮುಟ್ಟುತ್ತವೆ. ಅದನ್ನು ಬಿಚ್ಚಿ ನೋಡಿಯೇ ಸರಿಪಡಿಸಬೇಕು.

ಹತ್ತು ಚಿತ್ರಗಳೇಕೆ ಎಂಬ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಒಂದೇ ಚಿತ್ರದಿಂದ ತಪ್ಪಿನ ಪ್ರಮಾಣ ತಿಳಿದೀತೇ ಹೊರತು ಅದರ ಜಾತಿ ತಿಳಿಯದು. ಮದ್ದು ಯಾವುದೆಂಬುದನ್ನು ನಿರ್ಣಯಿಸುವುದು ಆ ಜಾತಿಯೇ.

ಆಕಾಶದಲ್ಲಿ ನಡೆದ ಇದೇ ಕಥೆ

ಈ ಬಗೆಯ ತಪ್ಪಿಗೆ ಚರಿತ್ರಾರ್ಹವಾದ ನಿದರ್ಶನವೊಂದಿದೆ. ೧೯೯೦ರ ಏಪ್ರಿಲಿನಲ್ಲಿ ಕಕ್ಷೆಗೆ ಏರಿದ ಹಬಲ್ ದೂರದರ್ಶಕ ಕಳುಹಿಸಿದ ಚಿತ್ರಗಳು ಮಸುಕಾಗಿದ್ದುವು. ಅದರ ೨.೪ ಮೀಟರ್ ವ್ಯಾಸದ ದರ್ಪಣವನ್ನು ಅತ್ಯಂತ ನುಣುಪಾಗಿ ಉಜ್ಜಲಾಗಿತ್ತು. ಆದರೆ ಅಂಚಿನ ಬಳಿ ಅದು ಸುಮಾರು ೦.೦೦೨ ಮಿಲಿಮೀಟರಿನಷ್ಟು ಹೆಚ್ಚಾಗಿ ಚಪ್ಪಟೆಯಾಗಿತ್ತು. ಉಜ್ಜುವಾಗ ಆಕಾರವನ್ನು ಪರೀಕ್ಷಿಸುತ್ತಿದ್ದ ಉಪಕರಣದಲ್ಲಿ ಒಂದು ಮಸೂರ ತನ್ನ ಸ್ಥಾನದಿಂದ ೧.೩ ಮಿಲಿಮೀಟರ್ ಸರಿದಿದ್ದುದೇ ಕಾರಣ. ಬೇರೆ ಪರೀಕ್ಷೆಗಳು ತಪ್ಪನ್ನು ಸೂಚಿಸಿದ್ದರೂ, ಆ ಒಂದು ಉಪಕರಣವೇ ಹೆಚ್ಚು ನಿಖರವಾದುದೆಂಬ ನಂಬಿಕೆಯಿಂದ ಅವುಗಳನ್ನು ಬದಿಗೊತ್ತಲಾಯಿತು. ಅಳೆಯುವ ಹಾದಿ ತಪ್ಪಿತ್ತು. ದರ್ಪಣ ಆ ತಪ್ಪಿಗೆ ನಿಷ್ಠೆಯಿಂದ ಹೊಂದಿಕೊಂಡಿತು.

ಆದರೆ ತಪ್ಪು ವ್ಯವಸ್ಥಿತವಾಗಿದ್ದುದೇ ಅದೃಷ್ಟವಾಯಿತು. ಅದರ ಪ್ರಮಾಣವನ್ನು ಖಚಿತವಾಗಿ ಲೆಕ್ಕಹಾಕಲು ಸಾಧ್ಯವಾದುದರಿಂದ, ಅಷ್ಟೇ ಪ್ರಮಾಣದ ವಿರುದ್ಧ ತಪ್ಪನ್ನು ಬೇಕೆಂದೇ ತುಂಬಿದ ದೃಕ್‌ಸಾಧನಗಳನ್ನು ರಚಿಸಿ ೧೯೯೩ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಅಳವಡಿಸಿದರು. ದೂರದರ್ಶಕಕ್ಕೆ ಕನ್ನಡಕ ಹಾಕಿದಂತಾಯಿತು, ಚಿತ್ರಗಳು ಸ್ಫುಟವಾದುವು.

ಕನ್ನಡಿ ಇಲ್ಲದ ಕ್ಯಾಮರಾ

ಕ್ಯಾಮರಾ ತಯಾರಕರು ಕಂಡುಕೊಂಡ ಪರಿಹಾರವೂ ಗಮನಾರ್ಹವಾದುದು. ಅವರು ಎರಡನೆಯ ಹಾದಿಯನ್ನೇ ತೆಗೆದುಹಾಕಿದರು. ೨೦೦೮ರಿಂದ ಈಚೆಗೆ ಬಂದ ಮಿರರ್‌ಲೆಸ್ ಕ್ಯಾಮರಾಗಳಲ್ಲಿ ಕನ್ನಡಿಯೇ ಇಲ್ಲ. ಅನಂತರದ ವರ್ಷಗಳಲ್ಲಿ ಎರಡು ಪ್ರತಿಬಿಂಬಗಳನ್ನು ಹೋಲಿಸುವ ಕೆಲಸವನ್ನೂ ಸೆನ್ಸರಿನ ಪಿಕ್ಸೆಲುಗಳಿಗೇ ವಹಿಸಲಾಯಿತು. ದಾಖಲಿಸುವ ಕಣ್ಣೇ ಅಳೆಯುವುದರಿಂದ ಎರಡರ ನಡುವೆ ಭಿನ್ನಾಭಿಪ್ರಾಯಕ್ಕೆ ಎಡೆಯೇ ಉಳಿಯಲಿಲ್ಲ. ಹಾಗೆಂದು ಈ ಕ್ಯಾಮರಾಗಳು ಎಂದಿಗೂ ತಪ್ಪುವುದಿಲ್ಲವೆಂದಲ್ಲ. ಕತ್ತಲೆಯಲ್ಲಿ ತಡವರಿಸುತ್ತವೆ, ಮುಖವನ್ನು ಬಿಟ್ಟು ಹಿಂದಿನ ದೀಪಕ್ಕೆ ಫೋಕಸ್ ಮಾಡುತ್ತವೆ. ಆದರೆ ಕಾಗದದ ದಪ್ಪದ ಆ ಹಳೆಯ ಜಗಳ ಮುಗಿಯಿತು. ಕನ್ನಡಿಯುಳ್ಳ ಕ್ಯಾಮರಾಗಳೂ ಲಕ್ಷಾಂತರ ಕೈಗಳಲ್ಲಿ ಇನ್ನೂ ದುಡಿಯುತ್ತಿರುವುದರಿಂದ ಅವುಗಳ ಸ್ವಭಾವವನ್ನು ಅರಿತಿರುವುದು ಅವಶ್ಯಕ.

ಉಪಕರಣದ ಮೇಲಣ ನಂಬಿಕೆ ತಪ್ಪಲ್ಲ; ನಂಬಿಕೆಯಿಲ್ಲದೆ ಯಾವ ಕೆಲಸವೂ ಸಾಗದು. ಪರೀಕ್ಷಿಸದೆ ನಂಬುವುದೂ ಪರೀಕ್ಷಿಸದೆ ದೂಷಿಸುವುದೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. "ಚಿತ್ರ ಮಸುಕಾಗಿ ಬರುತ್ತಿದೆ" ಎಂಬುದು ಒಂದು ಗೋಳು. ಅದಕ್ಕೆ "ದೋಷ ಕಂಡುಬರಲಿಲ್ಲ" ಎಂಬ ಚೀಟಿಯೇ ಉತ್ತರವಾಗಿ ಬಂದೀತು. "೨ ಮೀಟರ್ ದೂರದಲ್ಲಿ, ಎಫ್ ೧.೮ರಲ್ಲಿ, ಹತ್ತು ಸಲಕ್ಕೆ ಹತ್ತು ಸಲವೂ ಫೋಕಸ್ ೫ ಸೆಂಟಿಮೀಟರ್ ಮುಂದೆ ಬೀಳುತ್ತದೆ, ಲೈವ್ ವ್ಯೂನಲ್ಲಿ ಬೀಳುವುದಿಲ್ಲ" ಎಂಬುದು ಒಂದು ಸಾಕ್ಷ್ಯ. ಅದನ್ನು ಹಿಡಿದು ಹೋದವನಿಗೆ ಯಾವ ರಿಪೇರಿ ಕೇಂದ್ರವೂ ಬರಿಗೈಯ ಉತ್ತರ ಕೊಡುವುದು ಕಷ್ಟ. ಒಂದು ಅಳತೆಪಟ್ಟಿ, ಒಂದು ರಟ್ಟು, ಒಂದು ಗಂಟೆಯ ತಾಳ್ಮೆ, ಇವಿಷ್ಟಿದ್ದರೆ ದುಡಿಯುವ ಮನುಷ್ಯ ತನ್ನ ಕೈಯನ್ನೂ ಕಣ್ಣನ್ನೂ ವೃಥಾ ಸಂದೇಹಿಸುವ ಸಂಕಟದಿಂದ ಪಾರಾಗಬಹುದು.